ಚಾಂದಪಾಶಾ ಚಾಚಾನ ಹಲ್ಲುಸೆಟ್ಟು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸಮಸ್ತ ಮದುವೆಗಳಿಗೆ ನೆರಳು ನೀಡಿದ ಶಾಮಿಯಾನ ಸಾಮ್ರಾಟರೂ ಈ ಸಭೆಯ ಅಧ್ಯಕ್ಷರೂ ಆದ ಪಾಂಡುರಂಗ ಕಾಕಾ ಅವರೇ, ದವಡೆಗಳ ಭಾಗ್ಯವಿಧಾತೆ, ದಂತವೈದ್ಯೆ ಮೃಣಾಲಿನಿ ಮೇಡಂ ಅವರೇ, ಮೇಜಿನ ಮೇಲೆ ಶಾಲು ಹೊದ್ದು ಮಲಗಿರುವ ಸ್ಯಾಕ್ಸೋಫೋನೇ, ಮುಂದೆ ಕುಳಿತ ಮಹನೀಯ ಸಭಿಕರೇ, ಹಿಂದೆ ಚಹಾಕ್ಕೆ ಕಾದು ನಿಂತ ಅಷ್ಟೇ ಮಹನೀಯರಾದ ಸಭಿಕರೇ,

ಇಂದು ನಮ್ಮ ಜಾಝ್ ಕಲಾವಿದರ ಸಹಾಯಕ ಸಂಘಕ್ಕೆ ಐತಿಹಾಸಿಕ ದಿನ. ವರ್ಷದ ಬಳಿಕ ಮದುವೆ ಬ್ಯಾಂಡಿನ ನಮ್ಮ ಚಾಂದಪಾಶಾ ಚಾಚಾ ಮತ್ತೆ ಸ್ಯಾಕ್ಸೋಫೋನ್ ಊದಲಿದ್ದಾರೆ. ಸಂಘ ಕೊಡಿಸಿದ ಹಲ್ಲುಸೆಟ್ಟನ್ನು ಅವರು ಮನೆಯಲ್ಲೇ ಮರೆತು ಬಂದಿರುವುದರಿಂದ ನಮ್ಮ ಬ್ಯಾಂಡಿನ ಹುಡುಗ ಖಾಜಾ ಬೈಕಿನಲ್ಲಿ ತರಲು ಹೋಗಿದ್ದಾನೆ. ಅಲ್ಲಿಯವರೆಗೆ ಕಾರ್ಯದರ್ಶಿಯಾದ ನಾನು ಮಾತಾಡಬೇಕೆಂದು ಅಧ್ಯಕ್ಷರ ಅಪ್ಪಣೆ.

ನಮ್ಮೂರು ನಿಂಬರ್ಗಾಕ್ಕೆ ಜಾಝ್ ಎಲ್ಲಿಂದ ಬಂತು ಎಂದು ಕೇಳುವಿರಾ? ಮದುವೆ ಮೆರವಣಿಗೆಯಿಂದ! ವರನ ಕುದುರೆಯ ಮುಂದೆ ಗೆಳೆಯರು ಕುಣಿಯುತ್ತ ನಿಂತುಬಿಡುತ್ತಾರೆ. ಹಾಡು ಮುಗಿಯುತ್ತದೆ, ಕುಣಿತ ಮುಗಿಯುವುದಿಲ್ಲ. ಆಗ ಚಾಚಾ ಆ ಹಾಡನ್ನೇ ಎತ್ತಿಕೊಂಡು, ಅದು ಎಂದೂ ಕಾಣದ ಓಣಿಗಳಲ್ಲೆಲ್ಲ ಸುತ್ತಾಡಿಸಿ, ಕುದುರೆ ಹೆಜ್ಜೆ ಎತ್ತುವ ಹೊತ್ತಿಗೆ ಸರಿಯಾಗಿ ಮನೆಗೆ ತಂದು ಬಿಡುತ್ತಿದ್ದರು. ಫೋನಿನಲ್ಲಿ ನೋಡಿ, ಇದೇ ಜಾಝ್ ಎಂದು ನಾನು ಸಾರಿದಾಗ ಅವರು ಅಂದದ್ದು: “ಹೆಸರು ಏನರ ಇಡೋ ಮುಜಮ್ಮಿಲ, ಕುದರಿ ನಿಂತಾಗ ನಾವೂ ಸುಮ್ಮ ನಿಂತ್ರ ಮಂದಿ ಬೈತಾರ.”

ಕಳೆದ ವರ್ಷ ಚಾಚಾನ ಮುಂದಿನ ಹಲ್ಲು ಬಿದ್ದವು. ಸ್ಯಾಕ್ಸೋಫೋನ್ ಕಚ್ಚಿ ಹಿಡಿಯುವುದು ಯಾವುದರಿಂದ? ವಾದ್ಯ ಗೋಡೆಯ ಮೊಳೆ ಸೇರಿತು. ಫಕ್ರುನ್ನಿಸಾ ಚಾಚಿ ನನ್ನನ್ನು ಕರೆದು ಹೇಳಿದರು: “ಇಷ್ಟು ಸುಮ್ಮ ಕೂಡೋ ಮನಷ್ಯಾ ಅಲ್ಲಪ್ಪಾ ಇವ್ರು. ನಾ ಬೈದ್ರೂ ತಿರುಗಿ ಬೈಯಾಂಗಿಲ್ಲ.” ಗಂಡ ತಿರುಗಿ ಬೈಯಲಿ ಎಂದು ಹೆಂಡತಿ ಅತ್ತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅಂದೇ ಸಂಘ ಹುಟ್ಟಿತು. ಖಜೂರಿಯಿಂದ ನೆಲೋಗಿಯವರೆಗೆ ಬ್ಯಾಂಡಿನವರು ತಮ್ಮ ಬಕ್ಷೀಸು ತಂದು ಕೊಟ್ಟರು. ಮೇಡಂ ಹಲ್ಲು ಕಟ್ಟಿದರು.

ನಾನೇನು ಮಾಡುತ್ತೇನೆ? ಚಾಚಾನ ಬ್ಯಾಂಡಿನಲ್ಲಿ ಗಿಲಕಿ ಅಲ್ಲಾಡಿಸುತ್ತೇನೆ. ನನ್ನ ಗಿಲಕಿ ನಿಮಗೆ ಯಾರಿಗಾದರೂ ಕೇಳಿಸಿದೆಯೇ? ಒಬ್ಬರಿಗಾದರೂ? ಚಾಚಾನಿಗೆ ಕೇಳಿಸುತ್ತಿತ್ತು. ತಾಳ ತಪ್ಪಿದರೆ, ಬಾಯಲ್ಲಿ ವಾದ್ಯ ಇರುವುದರಿಂದ, ಕಣ್ಣಲ್ಲೇ ಗದರುತ್ತಿದ್ದರು. ಈ ವರ್ಷವಿಡೀ ನನ್ನನ್ನು ಗದರುವವರೇ ಇರಲಿಲ್ಲ, ಸಭಿಕರೇ. ಇರಲಿ.

ಹಲ್ಲು ಕೊಟ್ಟವರಿಗೂ ಕಿವಿ ಕೊಟ್ಟವರಿಗೂ ಸಂಘದ ಪರವಾಗಿ ಕೃತಜ್ಞತೆ. ಎಲ್ಲರಿಗೂ ನಮಸ್ಕಾರ.

ಬಾಗಿಲ ಕಡೆ ನೋಡಬೇಡಿ. ಖಾಜಾ ಭಾಷಣಕ್ಕೆ ಮೊದಲೇ ಬಂದು, ಹಲ್ಲಿನ ಡಬ್ಬಿ ನನ್ನ ಕೈಗಿಟ್ಟು, ಹಿಂದೆ ನಿಂತು ಚಹಾ ಕುಡಿಯುತ್ತಿದ್ದಾನೆ. ಅದು ಆಗಿನಿಂದಲೂ ನನ್ನ ಜೇಬಿನಲ್ಲಿದೆ. ಚಾಚಾ ಊದತೊಡಗಿದ ಮೇಲೆ ಗಿಲಕಿಯವನ ಮಾತು ಯಾರು ಕೇಳುತ್ತಾರೆ? ಅಗೋ, ಕಣ್ಣಲ್ಲೇ ಗದರುತ್ತಿದ್ದಾರೆ. ತಗೋರಿ ಚಾಚಾ.