ಹರಿಗೋಲಿನ ತಳಕ್ಕೆ ಹತ್ತಿದ ಗುಳ್ಳೆ

ಕಂಪ್ಲಿಯಿಂದ ಹೊಸಪೇಟೆಗೆ ಹೊರಟ ಬಸ್ಸಿನಲ್ಲಿ ಕೊಟ್ರಬಸಮ್ಮ ಒಂದು ನಿದ್ದೆ ತೆಗೆಯಬೇಕೆಂದಿದ್ದಳು. ಮುಂದಿನ ಸೀಟಿನ ಇಬ್ಬರು ಅಂಬಿಗರು ಬಿಡಬೇಕಲ್ಲ!

“ಲೇ ಪಂಪಣ್ಣ, ನನ್ನ ಹರಿಗೋಲು ಈಗ ಹೆಂಗ ಓಡತೈತಿ ಗೊತ್ತೇನು! ನಾಕು ಹುಟ್ಟು ಹಾಕಿದ್ರ ಆಚಿ ದಂಡಿ!”

“ನಂದು ಎಮ್ಮಿಯಂಗ ನಿಂದ್ರತೈತಿ, ಜಂಬಯ್ಯಣ್ಣ. ತಳಕ್ಕ ಬರೇ ಪಾಚಿ, ಕಚ್ಚಿ ಹಿಡದ ಗುಳ್ಳಿ ಚಿಪ್ಪು. ನಾಳಿ ಮದಿವಿ ಮಂದೀನ ಬ್ಯಾರೆ ದಾಟಸಬೇಕು.”

“ನಂದಕೂ ಹಂಗಾ ಹತ್ತಿದ್ವು. ದಂಡಿ ಮ್ಯಾಲ ಬೋರಲ ಹಾಕಿದೆ ನೋಡು, ಒಂದಾ ಬಿಸಲಿಗೆ ತಾವಾ ಉದುರಿದ್ವು! ಈಗ ದಿನಾ ಸಂಜಿಗೆ ಎತ್ತಿ ಬೋರಲ ಹಾಕತೀನಿ.”

“ಹೆರದು ತಗಿಯೋದು ಬ್ಯಾಡಾ?”

“ಹೆರದಿ ಅಂದ್ರ ಕೆಟ್ಟಿ! ಗುಳ್ಳಿ ಜೋಡಿ ತಳಕ್ಕ ಬಳದ ಡಾಂಬರೂ ಕಿತ್ತು ಬರತೈತಿ. ನಡು ಹೊಳಿಯಾಗ ನೀರು ಒಳಗ!”

ಪಂಪಣ್ಣ ದಡಕ್ಕನೆ ಎದ್ದು ಗಂಟೆಯ ಹಗ್ಗವನ್ನು ತಾನೇ ಜಗ್ಗಿದ.

“ಯಾಕಲೇ, ಏನಾತು?”

“ನನ್ನ ಹೇಣ್ತಿ ಕೈಯಾಗ ಕುಡುಗೋಲು ಕೊಟ್ಟು ಬಂದೀನಣ್ಣ! ಒಂದು ಗುಳ್ಳಿ ಉಳಸಬ್ಯಾಡ ಅಂತ ಹೇಳೀನಿ!”

ಬಸ್ಸು ನಿಲ್ಲುವ ಮೊದಲೇ ಹಾರಿ, ಪಂಚೆ ಎತ್ತಿಕಟ್ಟಿ, ಕಾಲುವೆಯ ಏರಿ ಹಿಡಿದು ಕಂಪ್ಲಿಯತ್ತ ಓಡಿದ.

ಕೊಟ್ರಬಸಮ್ಮನ ನಿದ್ದೆಯೂ ಹಾರಿತ್ತು. ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೂಗಿದಳು:

“ಜಲ್ದಿ ಓಡಪ್ಪಾ! ಹೆಣ್ಮಕ್ಳ ಕೈಗೆ ಕೆಲಸ ಕೊಟ್ರ ಬಾಕಿ ಇಡಂಗಿಲ್ಲ!”