ಹಾಳೆಯ ಕೊನೆಯ ಸಾಲು

…ಇಲ್ಲ, ಕಿರುಚ್ತಾ ಇಲ್ಲ ನಾನು! ಇದು ಕಿರುಚೋದಾ? ಹನ್ನೊಂದು ವರ್ಷದಿಂದ ನಿನ್ನ ಫೋರ್ಮನ್ ನಾನು. ಒಂದು ದಿನ, ಒಂದೇ ಒಂದು ದಿನ ದನಿ ಎತ್ತಿದ್ದು ಕೇಳಿದ್ದೀಯಾ ರೂಬೆನ್? ಇವತ್ತು ಎತ್ತಿದ್ದೀನಿ. ಎತ್ತೋ ಹಾಗೆ ಮಾಡಿದ್ದು ನೀನು. ಬಂದು ಇಪ್ಪತ್ತು ನಿಮಿಷ ಆಯ್ತು, ತುಟಿ ಬಿಚ್ಚಿಲ್ಲ. ನಿನ್ನ ಹೆಂಡ್ತಿನೋ, ನನ್ನ ಮುಖಾನೂ ನೋಡದೆ ಕಾಫಿ ಕುಕ್ಕಿ ಒಳಗೆ ಹೋದ್ಲು. ಕಾರಿನ್! ಕೇಳಿಸ್ತಾ ಇದೆಯಾ? ಕೇಳಿಸ್ಲಿ ಬಿಡು.

ಯಾಕೆ ನಗ್ತೀಯ? …ಹೌದಪ್ಪ, ಗೊತ್ತು. ಈ ಹಾರ್ಲನ್‌ಗೆ ಇಷ್ಟೊಂದು ಮಾತು ಬರುತ್ತಾ ಅಂತ ತಾನೆ? ಬರುತ್ತೆ. ಸಿಟ್ಟು ಬಂದ್ರೆ ಬರುತ್ತೆ. ನನಗೂ ಇವತ್ತೇ ಗೊತ್ತಾಗಿದ್ದು.

ನೋಡು, ನಾಳೆ ಬೆಳಗ್ಗೆ ಹತ್ತಕ್ಕೆ ವಿಚಾರಣೆ. ಕೈ ವಾಸಿಯಾದ ಮೇಲೆ ನೀನು ಮತ್ತೆ ಲೈನ್‌ಮನ್ ಆಗಬಹುದೋ, ಇಲ್ಲಾ ತಪ್ಪು ನಿನ್ನದೇ ಅಂತ ಬರೆದು ಮನೆಗೆ ಕಳಿಸೋದೋ ಅಂತ ನಾಳೆ ತೀರ್ಮಾನ. ನಾನು ಏನು ಹೇಳ್ತೀನಿ ಅಂತ ಮೊದಲೇ ನಿನಗೆ ತಿಳಿಸೋಣ ಅಂತ ಬಂದೆ. ಬೆನ್ನ ಹಿಂದೆ ಮಾತಾಡೋನಲ್ಲ ನಾನು. ಎದುರಿಗೇ ಮಾತಾಡದೋನು, ಬೆನ್ನ ಹಿಂದೆ ಎಲ್ಲಿ ಮಾತಾಡ್ಲಿ!

ಬರ್ಕೊಂಡೇ ಬಂದಿದ್ದೀನಿ. ಕೇಳು. "ಹಿಮಗಾಳಿಯ ಮಾರನೇ ದಿನ, ಬೆಳಗ್ಗೆ ಏಳು. ಇನ್ನೂ ಕತ್ತಲು. ನಾಲ್ಕು ಮೈಲಿ ಉದ್ದಕ್ಕೂ ಕರೆಂಟು ಹೋಗಿತ್ತು. ಹರಿದ ತಂತಿ ಜೋಡಿಸೋಕೆ ರೂಬೆನ್ ಮಾಕಿ ಲಾರಿಯ ಯಂತ್ರದ ತೋಳಿನ ಬುಟ್ಟಿಯಲ್ಲಿ ನಿಂತು ಮೇಲೆ ಹೋದ." ಆಮೇಲೆ ಜನರೇಟರ್ ವಿಷಯ. ಅದನ್ನ ಬಿಡಿಸಿ ಬರೆದಿದ್ದೀನಿ. ನಿನಗೆ ಬೇಕಿಲ್ಲ, ಗೊತ್ತು. ಆದ್ರೆ ನಾಳೆ ವಿಚಾರಣೆ ಮಾಡೋ ಕಮಿಟಿಯಲ್ಲಿ ಅರ್ಧ ಜನ ಜನ್ಮದಲ್ಲಿ ಕಂಬ ಹತ್ತಿದವರಲ್ಲ. "ಯಾವುದೋ ಮನೆಯವರು ಜನರೇಟರ್ ಹಚ್ಚಿ, ಅದನ್ನ ಹೊರಗಿನ ಲೈನಿಂದ ಬೇರೆ ಮಾಡದೆ ಹಾಗೇ ಮನೆ ವೈರಿಂಗಿಗೆ ಸಿಕ್ಕಿಸಿದ್ರೆ, ಆ ಕರೆಂಟು ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ದಾಟಿ ಸಾವಿರಾರು ವೋಲ್ಟ್ ಆಗಿ ತಂತಿಗೆ ಬರುತ್ತೆ. ಸತ್ತಿದೆ ಅಂದ್ಕೊಂಡ ತಂತಿ ಸತ್ತಿರೋದಿಲ್ಲ. ಅದಕ್ಕೇ ಮುಟ್ಟೋ ಮುಂಚೆ ಪರೀಕ್ಷೆ ಮಾಡಿ, ತಂತಿಯನ್ನ ನೆಲಕ್ಕೆ ಜೋಡಿಸಿ ಅರ್ತ್ ಹಾಕಬೇಕು." ನೀನು ಹಾಕಿದ್ಯಾ? ಹಾಕ್ಲಿಲ್ಲ! ಅವಸರ! ಇಪ್ಪತ್ತು ವರ್ಷದ ಲೈನ್‌ಮನ್ ನೀನು, ಹಾಕ್ಲಿಲ್ಲ!

ಕೈ ಯಾಕೆ ಮೇಜಿನ ಕೆಳಗೆ ಇಟ್ಕೋತೀಯ? ನೋಡಿದ್ದೀನಿ ಕಣೋ. ಎರಡು ಬೆರಳು ಹೋಗಿರೋದು ಗೊತ್ತು ನನಗೆ. ಆಸ್ಪತ್ರೆಗೆ ಬಂದಿದ್ದೆ. ಒಳಗೆ ಬರ್ಲಿಲ್ಲ ಅಷ್ಟೆ. ಬಾಗಿಲವರೆಗೆ ಬಂದಿದ್ದೆ… ಏನು ಹೇಳ್ಬೇಕು ಅಂತ ತಿಳೀಲಿಲ್ಲ.

ಅದಿರ್ಲಿ. ಹಾಳೆ ವಿಷಯಕ್ಕೆ ಬರೋಣ. ಬೇರೆ ಫೋರ್ಮನ್‌ಗಳು ದಿನಾ ಬೆಳಗ್ಗೆ ಲಾರಿ ಹಿಂದೆ ಎಲ್ಲರನ್ನೂ ನಿಲ್ಲಿಸ್ಕೊಂಡು ಇವತ್ತಿನ ಅಪಾಯ ಏನೇನು ಅಂತ ಬಾಯಲ್ಲಿ ಹೇಳ್ತಾರೆ, ಆಮೇಲೆ ಹಾಳೆಗೆ ಸಹಿ ಹಾಕಿಸ್ತಾರೆ. ನನಗೆ ಆ ಬಾಯಲ್ಲಿ ಹೇಳೋದು ಆಗಲ್ಲ. ಜನ ನನ್ನ ಮುಖವನ್ನೇ ನೋಡ್ತಾ ನಿಂತ್ರೆ ನಾಲಿಗೆ ಒಣಗುತ್ತೆ. ಅದಕ್ಕೇ ಬರೀತೀನಿ. ಯಾವ ಕಂಬ ಕೊಳೆತಿದೆ, ಯಾವ ಅಂಗಳದ ನಾಯಿ ಕಚ್ಚುತ್ತೆ, ಎಲ್ಲಾ. ಪಕ್ಕದ ತಂಡದ ಫೋರ್ಮನ್ ಗಿಲ್ಬರ್ಟ್ ಅರ್ಧ ಗಂಟೆ ಬೊಬ್ಬೆ ಹೊಡೆದು ಹೇಳದೇ ಇರೋದನ್ನ ನಾನು ಒಂದು ಹಾಳೇಲಿ ಬರೀತೀನಿ! ಅವನ ತಂಡದಲ್ಲಿ ವರ್ಷಕ್ಕಿಬ್ಬರು ಆಸ್ಪತ್ರೆ ಸೇರ್ತಾರೆ. ನಮ್ಮಲ್ಲಿ ಎಂಟು ವರ್ಷ ಒಬ್ಬರ ಮೈಮೇಲೂ ಗೀರು ಬಿದ್ದಿರ್ಲಿಲ್ಲ. ಸುಳ್ಳಾ? ಹೇಳು, ಸುಳ್ಳಾ?

ಡುಲುತ್‌ನಲ್ಲಿ ಮೂರು ದಿನ ತರಬೇತಿ ಕೊಟ್ರಲ್ಲ, ಮಾತು ಕಮ್ಮಿ ಇರೋರು ತಂಡ ನಡೆಸೋದು ಹೇಗೆ ಅಂತ. ನೀವೆಲ್ಲ ಸೇರ್ಕೊಂಡು ಗೇಲಿ ಮಾಡಿದ್ರಿ, "ಅಲ್ಲಿ ಮೂರು ದಿನವೂ ಯಾರೂ ಮಾತಾಡಿರಲ್ಲ ಬಿಡು" ಅಂತ. ಆದ್ರೆ ಅಲ್ಲಿ ಪಾಠ ಮಾಡಿದವಳೊಬ್ಬಳು ಹೇಳಿದ್ಲು, "ಹಾರ್ಲನ್, ನಿಮ್ಮ ಮೌನವೇ ನಿಮ್ಮ ಬಲ. ಅಪ್ಪಣೆ ಮಾಡ್ಬೇಡಿ, ಪ್ರಶ್ನೆ ಕೇಳಿ. ಉತ್ತರ ಅವರೇ ಕಂಡ್ಕೊಳ್ಳಲಿ." ನನಗೆ ಕಣ್ಣಲ್ಲಿ ನೀರು ಬಂತು ಕಣೋ. ಐವತ್ತೆರಡು ವರ್ಷಕ್ಕೆ ಮೊದಲನೇ ಸಲ ಒಬ್ಬರು, ನೀನು ಇರೋ ಹಾಗೇ ಸರಿ ಇದ್ದೀಯ ಅಂದ್ರು. ಅಪ್ಪ ಅನ್ನಲಿಲ್ಲ, ಮೇಷ್ಟ್ರು ಅನ್ನಲಿಲ್ಲ. ಅವಳು ಅಂದ್ಲು.

ಅವತ್ತೂ ಹಾಗೇ ಮಾಡಿದೆ. ನೀನು ಬುಟ್ಟಿ ಹತ್ತಿ ಅರ್ಧಕ್ಕೆ ಹೋದಾಗ ಕೇಳಿದೆ, "ರೂಬೆನ್, ಸುತ್ತ ಎಲ್ಲಾ ನೋಡ್ಕೊಂಡ್ಯಾ?" ಅಂತ. ನೀನು ಹೆಬ್ಬೆರಳು ಎತ್ತಿದೆ. ಎತ್ತಿದ್ಯೋ ಇಲ್ವೋ? ಎತ್ತಿದೆ! ಹಾಳೇಲೂ ಇದೆ, ಕೊನೆ ಸಾಲು: "ಹತ್ತಿರದ ಮನೆಯಲ್ಲಿ ಜನರೇಟರ್ ಇರಬಹುದು, ಅರ್ತ್ ಹಾಕದೆ ಮುಟ್ಟಬೇಡಿ." ಅದರ ಕೆಳಗೆ ನಿನ್ನ ಸಹಿ. ನಾನು ಇದಕ್ಕಿಂತ ಹೆಚ್ಚು ಏನು ಮಾಡ್ಬೇಕಿತ್ತು? ಕಿವಿ ಹಿಡಿದು ಓದಿಸ್ಬೇಕಿತ್ತಾ?

ಎಲ್ಲಿಗೆ ಎದ್ದೆ? ಮಾತು ಮುಗೀಲಿಲ್ಲ ನಂದು… ಏನದು? ಓ, ಹಾಳೆ. ನಿನಗೂ ಕಳಿಸಿದ್ರಾ ಕಮಿಟಿಯವರು? ಬಣ್ಣದ ಫೋಟೋ. ಸರಿ, ಒಳ್ಳೇದೇ ಆಯ್ತು. ಓದ್ಕೋ ಈಗಲಾದ್ರೂ.

ಏನು ತೋರಿಸ್ತೀಯ? ಕೊನೆ ಸಾಲು. ಹೌದು, ಅದನ್ನೇ ನಾನೂ ಹೇಳಿದ್ದು… ನೀಲಿ. ನೀಲಿ ಇದೆ. ಪೆನ್ನು ಕಣೋ. ಅದರಲ್ಲೇನಿದೆ? ಮಿಕ್ಕಿದ್ದೆಲ್ಲ ಪೆನ್ಸಿಲ್ಲು. ಆ ಚಳೀಲಿ ಪೆನ್ನಿನ ಶಾಯಿ ಗಟ್ಟಿಯಾಗಿಬಿಡುತ್ತೆ, ಅದಕ್ಕೇ ಪೆನ್ಸಿಲ್ಲು. ನಿಮ್ಮೆಲ್ಲರ ಸಹಿನೂ ಪೆನ್ಸಿಲ್ಲೇ. ಇದೊಂದು ಸಾಲು ಲಾರಿ ಒಳಗೆ ಕೂತು ಬರೆದೆ. ಹೀಟರ್ ಹಾಕಿತ್ತು, ಪೆನ್ನು ಅಲ್ಲೇ ಇತ್ತು, ಬೆಚ್ಚಗಿತ್ತು, ಬರೀತು. ಅಷ್ಟೆ. ಸಹಿಗೆ ಮುಂಚೆ. ಅಲ್ಲ, ಮುಂಚೆ ಅಂದ್ರೆ… ಹೊರಗೆ ಬರೆದು, ಒಳಗೆ ಹೋಗಿ, ಒಂದು ಸಾಲು ಸೇರಿಸಿ, ಮತ್ತೆ ಹೊರಗೆ ಬಂದು ನಿಮ್ಮ ಸಹಿ… ಸಹಿಯ ಮೇಲೆ ಅಷ್ಟೇ ಜಾಗ ಇತ್ತು, ಅದಕ್ಕೇ ಅಕ್ಷರ ಅಷ್ಟು ಚಿಕ್ಕದು… ಅವತ್ತು ಎಷ್ಟು ಚಳಿ ಇತ್ತು ಗೊತ್ತಾ ನಿನಗೆ? ಸೊನ್ನೆಗಿಂತ ಹದಿನೆಂಟು ಕೆಳಗೆ…

ಏನಾದ್ರೂ ಹೇಳೋ! ಬೈಯಿ ನನ್ನ! ಹಾಗೆ ನೋಡ್ಬೇಡ!

…ಆಂಬುಲೆನ್ಸ್ ಹೋದ ಮೇಲೆ ಬರೆದೆ.

ಆಯ್ತಾ? ಸಮಾಧಾನನಾ? ಆಮೇಲೆ ಬರೆದೆ. ಆ ಜನರೇಟರ್ ವಿಷಯ ಆಮೇಲೆ ತಿಳೀತು, ತಿಳಿದದ್ದನ್ನ ಬರೆದಿಟ್ಟೆ, ಅಷ್ಟೆ. ಯಾವ ಫೋರ್ಮನ್ನಿಗೆ ಮುಂಚೇನೇ ಹೇಗೆ ತಿಳಿಯುತ್ತೆ? ಅದು ಆ ಮನೆಯವರ ಕೊಟ್ಟಿಗೆ ಹಿಂದೆ ಇತ್ತು, ಗಾಳಿ ಬೀಸ್ತಿತ್ತು, ಸದ್ದು ಕೇಳಿಸೋ ಹಾಗೇ ಇರ್ಲಿಲ್ಲ…

ಇನ್ನೂ ಏನು? ಹೇಳಿದ್ನಲ್ಲ! ಇನ್ನೂ ಯಾಕೆ ಹಾಗೆ ಕೂತಿದ್ದೀಯ? ನೀನು ಹೀಗೆ ಬಾಯಿ ಮುಚ್ಚಿ ಕೂತ್ರೆ ನಿನ್ನ ಮನಸ್ಸಲ್ಲಿ ಏನಿದೆ ಅಂತ ನನಗೆ ಹೇಗಪ್ಪಾ ಗೊತ್ತಾಗ್ಬೇಕು…

…

ಹೌದು. ಗೊತ್ತಾಗಲ್ಲ. ಬುಟ್ಟೀಲಿ ಮೇಲಿರೋನಿಗೆ ಹೇಗೆ ಗೊತ್ತಾಗುತ್ತೆ.

ಕಿಟಕಿಯಲ್ಲಿ ದೀಪ ಇತ್ತು ರೂಬೆನ್. ನಾಲ್ಕು ಮೈಲಿ ಕತ್ತಲೇಲಿ ಒಂದೇ ಒಂದು ಮನೆ, ಅಡುಗೆಮನೆ ಕಿಟಕಿ. ಹಳದಿ. ನೀನು ಆ ಕಡೆ ಬೆನ್ನು ಮಾಡಿದ್ದೆ. ನಾನು ಕಂಡೆ. ಕಂಡ ತಕ್ಷಣ ಜನರೇಟರ್ ಅಂತ ತಿಳೀತು. ಅದಕ್ಕೇ ಕೇಳಿದ್ದು, ಸುತ್ತ ನೋಡ್ಕೊಂಡ್ಯಾ ಅಂತ. ತರಬೇತಿಯ ಆ ಹೆಂಗಸು ಹೇಳಿದ ಹಾಗೆ. ನೀನೇ ಕಂಡ್ಕೋತೀಯ ಅಂತ… ಅವಳ ಮೇಲೆ ಹಾಕ್ತಾ ಇಲ್ಲ. ಅವಳು ಇಂಥ ಹೊತ್ತಿನಲ್ಲಿ ಸುಮ್ನಿರು ಅಂದಿರ್ಲಿಲ್ಲ. ನೀನು ಹೆಬ್ಬೆರಳು ಎತ್ತಿದಾಗ್ಲೇ ಗೊತ್ತಾಯ್ತು, ನೋಡಿಲ್ಲ ಅಂತ. ಹೊಸಬರಿಗೆಲ್ಲ ನೀನೇ ಹೇಳ್ತಿದ್ಯಲ್ಲ, ಹಾರ್ಲನ್ ಸುಮ್ನಿದ್ದಾನೆ ಅಂದ್ರೆ ಎಲ್ಲಾ ಸರಿ ಇದೆ ಅಂತ.

ಬಾಯಿ ತೆರೆದೆ ಕಣೋ. ಆಣೆಗೂ ತೆರೆದೆ. "ಇಳಿ" ಅನ್ಬೇಕಿತ್ತು, ಒಂದೇ ಮಾತು. ಉಸಿರು ಎಳ್ಕೊಂಡೆ. ಆಗ ಕೆಳಗಿದ್ದ ಮೂವರೂ ಒಟ್ಟಿಗೇ ತಿರುಗಿ ನನ್ನ ಕಡೆ ನೋಡಿದ್ರು… ಫೋರ್ಮನ್ ಏನು ಹೇಳ್ತಾನೋ ಅಂತ.

ನಾನು… ಕೆಮ್ಮಿದೆ. ಕೆಮ್ಮಿ ಸುಮ್ನಾದೆ.

ಇಲ್ಲ, ಈ ಕಾಗದ ಓದಲ್ಲ ನಾಳೆ. ಇದನ್ನೇ ಹೇಳ್ಬೇಕು, ಈಗ ನಿನಗೆ ಹೇಳಿದ್ದನ್ನೇ. ಗೊತ್ತು. ಹಾಗೆ ನೋಡ್ಬೇಡ, ಗೊತ್ತು.

ಕಮಿಟಿಯಲ್ಲಿ ಏಳು ಜನ ಕೂತಿರ್ತಾರೆ, ರೂಬೆನ್. ಏಳು ಜನ.