ಅದಲುಬದಲಾದ ಬೀಗದ ಕೈ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ಮಧ್ಯದಲ್ಲಿ ಕಿಸಕ್ ಅಂದರೆ ನನಗಾಗಲ್ಲ, ಎದ್ದು ಹೋಗ್ತೀನಿ. ಇದು ಎಲ್ಲೋ ಓದಿದ್ದಲ್ಲ. ನನ್ನ ಷಡ್ಡಕನಿಗೆ ಆದದ್ದು. ನನ್ನ ಹೆಂಡತಿಯ ತಂಗಿಯ ಗಂಡ, ಪೇಟೆಯಲ್ಲಿ ಬೀಗದ ಕೀ ಮಾಡಿಕೊಡ್ತಾನಲ್ಲ, ಅವನಿಗೆ. ಸುಳ್ಳು ಹೇಳೋಕೆ ಅವನಿಗೆ ಬರೋದೇ ಇಲ್ಲ. ಅಷ್ಟು ಚಾಲಾಕಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಇನ್ನೊಂದು ಅಂಗಡಿ ಮಾಡಿರೋನು.

ಆವತ್ತು ಅಂಗಡಿ ಮುಚ್ಚಿ ಮನೆಗೆ ನಡೆದುಕೊಂಡು ಹೋಗ್ತಾ ಇದ್ದ. ಹೊತ್ತಾಗಿತ್ತು. ದಾರೀಲಿ ಒಂದು ಹಳೇ ಬಾವಿ ಸಿಗುತ್ತೆ. ಮೇಲೆ ಕಬ್ಬಿಣದ ಜಾಲರಿ ಹೊಡೆದಿದ್ದಾರೆ. ಗಾಳಿ ಇರಲಿಲ್ಲ. ಒಂದು ಎಲೆ ಕೂಡ ಅಲ್ಲಾಡ್ತಿರಲಿಲ್ಲ. ಬಾವಿ ದಾಟಿ ನಾಲ್ಕು ಹೆಜ್ಜೆ ಹೋಗಿರಬೇಕು, ಹಿಂದಿನಿಂದ... ಕಿಣ್.

ನಿಂತ.

ಕಿಣ್... ಕಿಣ್.

ಜಾಲರಿಗೆ ಯಾರೋ ಕೀ ತಾಗಿಸಿದ ಹಾಗೆ. ಹಿತ್ತಾಳೆ ಕಬ್ಬಿಣಕ್ಕೆ ತಾಗಿದರೆ ಹೇಗಿರುತ್ತೆ ಅಂತ ಅವನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ, ದಿನವೆಲ್ಲ ಅದೇ ಸದ್ದಿನ ನಡುವೆ ಕೂತಿರೋನು. ತಿರುಗಿ ನೋಡಲಿಲ್ಲ. ಅಂಗಡಿ ಮುಚ್ಚಿದರೂ ಕಿವಿ ಮುಚ್ಚಿಲ್ಲ ಅಂದುಕೊಂಡು ಬಿರಬಿರನೆ ನಡೆದ.

ಮನೆ ಮುಟ್ಟಿ, ಬಾಗಿಲಿಗೆ ಕೀ ತೂರಿಸಿದ. ಅರ್ಧಕ್ಕೆ ನಿಂತಿತು. ಎಳೆದು ಮತ್ತೆ ತೂರಿಸಿದ. ಊಹೂಂ. ಊರಿಗೆಲ್ಲ ಕೀ ಮಾಡಿಕೊಡೋನಿಗೆ ತನ್ನ ಮನೆ ಬಾಗಿಲೇ ತೆಗೆಯೋಕೆ ಬರಲಿಲ್ಲ ಅಂದರೆ ಮರ್ಯಾದೆ ಉಳಿಯುತ್ತಾ? ಮೆಲ್ಲಗೆ ತಟ್ಟಿದ. ನನ್ನ ನಾದಿನಿ ಒಳಗಿಂದ ತೆಗೆದಳು.

"ಏನ್ರೀ, ಕೀ ಎಲ್ಲಿ?"

"ಮೆತ್ತಗೆ ಮಾತಾಡೆ. ಪಾಪು ಮಲಗಿದೆಯಾ?"

"ಆಗಲೇ."

ದೀಪದ ಕೆಳಗೆ ಹಿಡಿದು ನೋಡಿದ. ಅದು ಅವನ ಕೀಯೇ ಅಲ್ಲ. ಅದೇ ಕಂಪನಿದು, ಅದೇ ಹಿತ್ತಾಳೆ. ಆದರೆ ಹಲ್ಲೆಲ್ಲ ಸವೆದು ಹೋಗಿ, ಸೋಪಿನ ಚೂರಿನ ಹಾಗೆ ನುಣ್ಣಗಾಗಿತ್ತು. ಆಗ ಹೊಳೀತು.

ಅಂಗಡಿ ಮುಚ್ಚೋ ಹೊತ್ತಿಗೆ ಒಬ್ಬ ಹೆಂಗಸು ಬಂದಿದ್ದಳು. ತಲೆ ತುಂಬ ಶಾಲು ಹೊದ್ದುಕೊಂಡು, ಓಡಿ ಬಂದವಳ ಹಾಗೆ ಏದುಸಿರು ಬಿಡ್ತಾ. "ಅಣ್ಣಾ, ಕೀ ತಿರುಗ್ತಾ ಇಲ್ಲ. ಹೊಸದೊಂದು ಮಾಡಿಕೊಡು. ಬೇಗ... ಮಗು ಒಳಗಿದೆ." ಇನ್ನೇನು ಬೇಕು? ಇವನೂ ಮಗಳಿರೋನು. ಇವನಿಗೊಂದು ಅಭ್ಯಾಸ, ಮುಚ್ಚೋ ಹೊತ್ತಿಗೆ ತನ್ನ ಮನೆ ಕೀ ತೆಗೆದು ಮೆಷಿನ್ ಪಕ್ಕ ಇಟ್ಟುಕೊಳ್ತಾನೆ, ಮರೀಬಾರದು ಅಂತ. ಅವಳ ಕೀಯನ್ನೂ ಅಲ್ಲೇ ಇಟ್ಟ. ಅವಸರದಲ್ಲಿ ಮೆಷಿನ್ನಿಗೆ ಕಚ್ಚಿಸಿದ್ದು ತನ್ನದನ್ನ. ಅದನ್ನೇ ನೋಡಿಕೊಂಡು ಹೊಸದನ್ನ ಕೊರೆದ. ಎರಡನ್ನೂ ಅವಳ ಕೈಗೆ ಹಾಕಿದ. ಅವಳದನ್ನ ತನ್ನ ಜೇಬಿಗೆ ಹಾಕಿಕೊಂಡು ಮನೆಗೆ ಬಂದ.

ಅಂದರೆ, ಗುರುತು ಪರಿಚಯ ಇಲ್ಲದ ಒಬ್ಬಳ ಕೈಲಿ ಇವನ ಮನೆ ಕೀ ಇದೆ. ಅವಳ ಮಗು ಎಲ್ಲೋ ಬೀಗ ಹಾಕಿದ ಮನೆಯೊಳಗಿದೆ.

ಹಾಗೇ ವಾಪಸ್ ಓಡಿದ. ನಾನು ಅವನನ್ನ ಎಷ್ಟೇ ಆಡಿಕೊಳ್ಳಲಿ, ಮನುಷ್ಯ ಒಳ್ಳೆಯವನು. ಅಂಗಡಿ ಮುಂದೆ ನಿಂತ, ಆ ಬೀದಿ ಈ ಬೀದಿ ತಿರುಗಿದ. ಅವಳ ಮನೆ ಯಾವುದು ಅಂತ ಕೇಳೇ ಇರಲಿಲ್ಲ. ಎಲ್ಲೂ ಬಾಗಿಲು ಬಡಿಯೋ ಸದ್ದಿಲ್ಲ, ಮಗು ಅಳೋ ಸದ್ದಿಲ್ಲ. ಬೆಳಗಿನ ತನಕ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ. ಯಾರೂ ಬರಲಿಲ್ಲ.

ಪಕ್ಕದ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡೋ ಮುದುಕರಿದ್ದಾರೆ. ಎಲ್ಲರೂ ಕರೆಯೋದು ಮುಳ್ಳಪ್ಪ ಅಂತ. ದಿನವೆಲ್ಲ ಗಡಿಯಾರದ ಮುಳ್ಳು ಹಿಡಿದಿರ್ತಾರೆ, ಮಾತೂ ಹಾಗೇ ಚುಚ್ಚುತ್ತೆ. ಬೆಳಿಗ್ಗೆ ಅವರಿಗೆ ಎಲ್ಲ ಹೇಳಿದ.

"ಅಯ್ಯೋ ಪೆದ್ದೇ, ಬೀಗ ಒಡೆಸಿರ್ತಾಳೆ ಬಿಡು. ನಾಳೆ ಬಂದು ನಿನಗೆ ಮಂಗಳಾರತಿ ಮಾಡ್ತಾಳೆ, ಆಗ ಬದಲಾಯಿಸಿಕೋ." ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ. "ಇಲ್ಲಿ ನಿನಗಿಂತ ಮುಂಚೆ ಕೂತಿದ್ದನಲ್ಲ, ಅವನ ಕಾಲದಲ್ಲೂ ಹೀಗೇ ಒಂದು..." ಅಂದವರು ನಾಲಿಗೆ ಕಚ್ಚಿಕೊಂಡರು.

ಇವನು ಬಿಡಬೇಕಲ್ಲ. ಜೀವ ತಿಂದು ಬಾಯಿ ಬಿಡಿಸಿದ.

ಹಿಂದಿನ ಬೀದಿಯ ಒಬ್ಬ ಹೆಂಗಸು. ಮಲಗಿದ್ದ ಮಗಳನ್ನ ಒಳಗೆ ಬಿಟ್ಟು, ಬೀಗ ಹಾಕಿ, ಒಂದು ಗಳಿಗೆ ಹೊರಗೆ ಹೋಗಿದ್ದಳು. ವಾಪಸ್ ಬಂದರೆ ಕೀ ತಿರುಗಲಿಲ್ಲ, ಸವೆದು ಹೋಗಿತ್ತು. ಕೀ ಅಂಗಡಿಗೆ ಓಡಿ ಬಂದಳು. ಆ ಪುಣ್ಯಾತ್ಮ ಅವಸರದಲ್ಲಿ ಸವೆದದ್ದನ್ನೇ ಇದ್ದ ಹಾಗೆ ನಕಲು ಮಾಡಿ ಕೊಟ್ಟ. ಸವೆದ ಕೀಗೆ ಸವೆದ ನಕಲು. ಅದು ಹೇಗೆ ತಿರುಗುತ್ತೆ? ಅಷ್ಟರಲ್ಲಿ ಒಳಗೆ ಒಲೆಯಿಂದ ಪರದೆಗೆ ಬೆಂಕಿ ಹತ್ತಿತ್ತು...

"ಅವಳು?"

ಮುಳ್ಳಪ್ಪನೋರು ಕಣ್ಣಿಗೆ ಕಚ್ಚಿಕೊಂಡ ಭೂತಗನ್ನಡಿ ತೆಗೆದು ಒರೆಸಿದರು. "ಆ ಬಾವಿಗೆ ಜಾಲರಿ ಹೊಡೆಸಿದ್ದು ಆಮೇಲೆ."

ಇವನ ಮುಖ ನೋಡಿ ಗಾಬರಿಯಾಗಿರಬೇಕು. "ನೋಡಯ್ಯಾ, ಇದಕ್ಕೆ ಕಾಕತಾಳೀಯ ಅಂತಾರೆ," ಅಂತ ಗದರಿದರು. "ಊರಲ್ಲಿ ಸಾವಿರ ಬೀಗ, ಸಾವಿರ ತಾಯಂದಿರು. ಕೀ ಸವೆಯಲ್ವಾ? ಮಕ್ಕಳು ಮಲಗಲ್ವಾ? ನಿನ್ನ ಕಸುಬಿನಲ್ಲಿ ಕೀ ಅದಲುಬದಲಾಗೋದು ಹೊಸದಾ? ಒಂದಕ್ಕೊಂದು ಗಂಟು ಹಾಕಬೇಡ."

ಸರಿ ಅಂದ. ಸರಿ ಅನ್ನದೆ ಏನು ಮಾಡ್ತಾನೆ? ಅದು ನಿಜವಾಗಿರಲಿ ಅಂತ ಅವನಷ್ಟು ಬೇಡಿಕೊಂಡವರು ಇನ್ಯಾರೂ ಇಲ್ಲ.

ಆ ರಾತ್ರಿ ಎಚ್ಚರವಾಯಿತು. ಬಾಗಿಲ ಕಡೆಯಿಂದ... ಕ್ರಿಕ್. ಕೀ ಒಳಗೆ ಹೋಗೋ ಸದ್ದು. ಆಮೇಲೆ ಟಿಕ್ ಟಿಕ್ ಟಿಕ್, ಬೀಗದೊಳಗಿನ ಸಣ್ಣ ಸಣ್ಣ ಪಿನ್ನುಗಳು ಒಂದೊಂದಾಗಿ ಮೇಲೇಳೋ ಸದ್ದು. ನಿಮಗೆ ನನಗೆ ಕೇಳಲ್ಲ ಅದು. ಅವನಿಗೆ ಕೇಳುತ್ತೆ. ಆಮೇಲೆ... ಖಟ್.

ಎದ್ದು ಹೋಗಿ ದೀಪ ಹಾಕಿದ. ಬಾಗಿಲು ಮುಚ್ಚೇ ಇತ್ತು, ಬೀಗ ಬಿದ್ದೇ ಇತ್ತು. ಯಾರೂ ಇಲ್ಲ.

ಬೆಳಿಗ್ಗೆ ಮಗಳು ಕಣ್ಣುಜ್ಜಿಕೊಂಡು ಎದ್ದು ಬಂದಳು. ತಲೆ ಬಾಚಿ ಎರಡು ಜಡೆ ಹೆಣೆದಿತ್ತು. ಒಂದು ಕೂದಲೂ ಆಚೆ ಈಚೆ ಇಲ್ಲ.

ಅವನು ಹೆಂಡತಿ ಮುಖ ನೋಡಿದ. ಅವಳು ಇವನ ಮುಖ ನೋಡಿದಳು. "ನೀವು ಹಾಕಿದ್ರಾ?" ಅಂದಳು. ತನ್ನ ಅಂಗಿ ಗುಂಡಿಯನ್ನೇ ನೆಟ್ಟಗೆ ಹಾಕಿಕೊಳ್ಳೋಕೆ ಬರದೋನು ಇವನು, ಜಡೆ ಹಾಕ್ತಾನಾ? ಮಗಳನ್ನೇ ಕೇಳಿದರು. "ಅಮ್ಮ ಹಾಕಿದಳಲ್ಲ ರಾತ್ರಿ," ಅಂದು ಹಲ್ಲುಜ್ಜೋಕೆ ಹೋಯಿತು.

ಆವತ್ತೇ ಬೀಗ ಬದಲಾಯಿಸಿದ. ಹಳೇದನ್ನ ಬಿಚ್ಚಿ ಅಂಗಡಿಗೆ ಒಯ್ದು ಡಬ್ಬಿಗೆ ಹಾಕಿದ. ಪ್ಯಾಕೆಟ್ಟೇ ಒಡೆಯದ ಹೊಸ ಬೀಗ ತಂದು ಕೂರಿಸಿದ. ಕೂರಿಸಿ, ಹೊಸ ಕೀಯನ್ನ ಹೆಂಡತಿ ಹತ್ತಿರ ಇದ್ದ ಹಳೇ ಕೀ ಮೇಲೆ ಇಟ್ಟು ಬೆಳಕಿಗೆ ಹಿಡಿದ, ಸುಮ್ಮನೆ, ಕೈ ಅಭ್ಯಾಸಕ್ಕೆ. ಮಧ್ಯೆ ಒಂದು ಕೂದಲೆಳೆಯಷ್ಟು ಬೆಳಕೂ ಕಾಣಲಿಲ್ಲ. ಹಲ್ಲಿಗೆ ಹಲ್ಲು ಕೂತಿತ್ತು. ಎರಡೂ ಒಂದೇ.

ಎರಡನ್ನೂ ಹಿಡಿದುಕೊಂಡು ಮುಳ್ಳಪ್ಪನೋರ ಹತ್ತಿರ ಓಡಿದ. ಅವರು ತಿರುಗಿಸಿ ತಿರುಗಿಸಿ ನೋಡಿದರು. "ಕಂಪನಿಯವರು ಎಷ್ಟು ನಮೂನೆ ಮಾಡ್ತಾರೆ? ಲೆಕ್ಕಕ್ಕೆ ಸಿಗುವಷ್ಟೇ ತಾನೇ. ತಿರುಗಿ ತಿರುಗಿ ಅವೇ ಬರ್ತವೆ. ಯಾರಿಗೋ ಒಬ್ಬನಿಗೆ ಬರಬೇಕಿತ್ತು, ನಿನಗೆ ಬಂತು. ನೀನೇ ಹೇಳ್ತಿದ್ದೆಯಲ್ಲೋ, ಒಬ್ಬರ ಕೀ ಇನ್ನೊಬ್ಬರ ಮನೆಗೆ ಆಗೋದುಂಟು ಅಂತ?"

ಹೌದು, ಇವನೇ ಹೇಳ್ತಿದ್ದ. ಗಿರಾಕಿಗಳ ಮುಂದೆ ತಮಾಷೆಗೆ ಹೇಳ್ತಿದ್ದ.

ಬೇರೆ ಕಂಪನಿಯ ದೊಡ್ಡ ಬೀಗ ತಂದ. ಕೀಯ ಆಕಾರವೇ ಬೇರೆ, ಹಳೇದು ಅದರ ಬಾಯಿಗೂ ಹೋಗಲ್ಲ. ತಾನೇ ತೂರಿಸಿ ನೋಡಿದ, ಹೋಗಲಿಲ್ಲ. ಆವತ್ತು ಮಗಳನ್ನ ನಡುವೆ ಮಲಗಿಸಿಕೊಂಡು ಗಂಡ ಹೆಂಡತಿ ಎರಡೂ ಕಡೆ ಮಲಗಿದರು. ಆ ದೊಡ್ಡ ಬೀಗ ತಿರುಗಿದರೆ ಢಬ್ ಅನ್ನುತ್ತೆ, ಪೆಟ್ಟಿಗೆ ಮುಚ್ಚಿದ ಹಾಗೆ.

ನಡುರಾತ್ರಿ... ಕ್ರಿಕ್.

ಟಿಕ್ ಟಿಕ್ ಟಿಕ್...

ಖಟ್.

ಹೊಸ ಬೀಗದಿಂದ ಹಳೇ ಬೀಗದ ಸದ್ದು. ಆ ಹಳೇ ಬೀಗ ಪೇಟೆಯಲ್ಲಿ, ಮುಚ್ಚಿದ ಅಂಗಡಿಯಲ್ಲಿ, ಡಬ್ಬಿಯೊಳಗಿದೆ.

ಅವನು ತೆವಳಿಕೊಂಡು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ತೆವಳಿದೆ ಅಂತ ಹೇಳಿಕೊಳ್ಳೋಕೆ ಅವನಿಗೆ ನಾಚಿಕೆಯಿಲ್ಲ.

"ಯಾರು?" ಅಂದ, ಪಿಸುಮಾತಲ್ಲಿ.

ಆಚೆಯಿಂದ ಏದುಸಿರು. ಆಮೇಲೆ, ಅಷ್ಟೇ ಮೆತ್ತಗೆ... "ಮಗು ಒಳಗಿದೆ ಅಣ್ಣಾ."

"ಇದು ನಿಮ್ಮ ಮನೆ ಅಲ್ಲಮ್ಮಾ."

ಬಾಗಿಲಿಗೆ ಕಿವಿ ಹಚ್ಚಿದ.

"ತಾಯೀ... ತಪ್ಪು ನಂದು. ನಾನು ಕೊಟ್ಟಿದ್ದು ನನ್ನ ಮನೆ ಕೀ. ನಿಮ್ಮದು ನನ್ನ ಹತ್ತಿರ ಇದೆ. ಸವೆದ ಹಲ್ಲನ್ನೆಲ್ಲ ಮೊದಲಿದ್ದ ಹಾಗೆ ಎತ್ತಿ, ಸರಿಯಾಗಿ ಮಾಡಿಕೊಡ್ತೀನಿ. ನಿಮ್ಮ ಬಾಗಿಲು ತೋರಿಸಿ."

"ಆ ಬಾಗಿಲು ಈಗ ಇಲ್ಲ."

ಇವನಿಗೆ ಅಳು ಬಂತು. ಭಯಕ್ಕಲ್ಲ ಅಂತಾನೆ. ಅವಳನ್ನ ನೆನೆದು ಅಂತಾನೆ. ಹೋದ ಮಗುವಿಗೆ ಇವನು ಯಾವ ಕೀ ಕೊರೆದುಕೊಡ್ತಾನೆ?

"ಇವಳು ನಿಮ್ಮ ಮಗಳಲ್ಲಮ್ಮಾ. ಕೈ ಮುಗೀತೀನಿ. ಏನೋ ಅಕಸ್ಮಾತ್ತಾಗಿ ಆಗಿಹೋಯ್ತು. ಕೀ ಬದಲಾಯ್ತು, ಅಷ್ಟೇ. ಅದಕ್ಕೆ ಅರ್ಥ ಏನೂ ಇಲ್ಲ."

ಆಚೆಯ ಉಸಿರು ನಿಂತಿತು. ಹೋದಳೇನೋ ಅಂದುಕೊಂಡ. ಆಮೇಲೆ ಕಿವಿಯ ಪಕ್ಕದಲ್ಲೇ, ಬಾಗಿಲಿನ *ಈಚೆ* ಕಡೆಯಿಂದ...

"ತೆರೀತಲ್ಲ?"

ಅಷ್ಟೇ ಅಂದಿದ್ದು. ಸುಟ್ಟ ಮನೆಯ ಬಾಗಿಲು ಎಷ್ಟು ತಿರುಗಿಸಿದರೂ ತೆರೆಯಲಿಲ್ಲ. ಆಮೇಲೆ ಯಾವುದೋ ಕಾಲಕ್ಕೆ ಒಂದು ಕೀ ಸಿಕ್ಕಿತು, ಅದು ಒಂದು ಬಾಗಿಲಿಗೆ ಆಯಿತು, ಆ ಬಾಗಿಲ ಹಿಂದೆ ಒಂದು ಹೆಣ್ಣುಮಗು ಮಲಗಿತ್ತು. ಅವಳಿಗೆ ಅಷ್ಟು ಸಾಕು. ಅವನು ಕೂತಲ್ಲೇ ಕೂತಿದ್ದ. ಏಳೋಕಾಗಲಿಲ್ಲ, ಕೂಗೋಕಾಗಲಿಲ್ಲ. ಒಳಕೋಣೆಯಲ್ಲಿ ಬಾಚಣಿಗೆ ಕೂದಲಲ್ಲಿ ಇಳಿಯೋ ಸದ್ದು ಕೇಳ್ತಾನೇ ಇತ್ತು. ಸರ್... ಸರ್... ಅಪ್ಪ ಅನ್ನಿಸಿಕೊಂಡೋನು ಬಾಗಿಲು ಕಾಯ್ತಾ ಕೂತು ಅದನ್ನ ಕೇಳಿಸಿಕೊಂಡ.

ಮಾರನೇ ದಿನ ಮುಳ್ಳಪ್ಪನೋರಿಗೆ ಹೇಳಿದ. ಅವರು ಏನಾದರೂ ಹೇಳಲಿ, ಬೈಯಲಿ, ಕನಸು ಕಂಡೆ ಅನ್ನಲಿ ಅಂತ ಕಾದ. ಅವರು ಬಿಚ್ಚಿಟ್ಟ ಗಡಿಯಾರವನ್ನ ಪಕ್ಕಕ್ಕೆ ಸರಿಸಿ, "ಮನೆ ಬಿಡು," ಅಂದರು.

ಬಿಟ್ಟರು. ಸಾಮಾನು ಸಾಗಿಸೋಕೆ ನಾನೇ ಹೋಗಿದ್ದೆ. ಊರಿನ ಆ ತುದಿಯಲ್ಲಿ ಸಣ್ಣ ಮನೆ. ಬಾಗಿಲಿಗೆ ಬೀಗವೇ ಇಲ್ಲ, ಒಳಗಡೆಯಿಂದ ಹಾಕೋ ಚಿಲಕ ಒಂದೇ. ಕೀ ಇದ್ದರೆ ತಾನೇ ತಿರುಗೋದು ಅಂತ ಬೇಕಂತಲೇ ಹುಡುಕಿ ಹಿಡಿದಿದ್ದ. ಮೊದಲ ರಾತ್ರಿ ಜೊತೆಗಿರು ಅಂದ, ಇದ್ದೆ. ಎಲ್ಲರೂ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಿದೆವು. ನಾನೇ ಎದ್ದು ಚಿಲಕ ಹಾಕಿ, ಎರಡು ಸಲ ಎಳೆದು ನೋಡಿ ಬಂದೆ. ರಾತ್ರಿಯಿಡೀ ಕಿವಿಗೊಟ್ಟಿದ್ದೆ. ಕ್ರಿಕ್ ಇಲ್ಲ, ಖಟ್ ಇಲ್ಲ. ನನ್ನ ಷಡ್ಡಕ ಎಷ್ಟೋ ದಿನದ ಮೇಲೆ ಗೊರಕೆ ಹೊಡೆದ. ಮುಗೀತಪ್ಪಾ ಅಂದುಕೊಂಡೆ.

ಬೆಳಗಾಗೋಕೆ ಇನ್ನೂ ಹೊತ್ತಿತ್ತು. ಮಗು ನಿದ್ದೆಗಣ್ಣಲ್ಲಿ ಮಗ್ಗುಲಾಗಿ, "ಅಮ್ಮಾ..." ಅಂತು.

ನನ್ನ ನಾದಿನಿಗೆ ಥಟ್ಟನೆ ಎಚ್ಚರವಾಯಿತು. ತಾಯಿ ಅಲ್ವಾ? ಮೈ ಮೇಲೆ ಕೈ ಹಾಕಿ, "ಇಲ್ಲೇ ಇದೀನಿ ಕಂದಾ," ಅಂದಳು.

ಮಗು ಆ ಕೈಯನ್ನ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಿತು. "ನೀನಲ್ಲ," ಅಂತು.

ಕಣ್ಣು ಮುಚ್ಚೇ ಇತ್ತು. ದನಿ ಕನವರಿಕೆ ತರ ಇರಲಿಲ್ಲ. ನಾನು ಅದೇ ಸಾಲಿನಲ್ಲಿ ಮಲಗಿದ್ದೆ, ಈ ಎರಡು ಕಿವಿಯಾರೆ ಕೇಳಿದ್ದೀನಿ. ಮಕ್ಕಳು ನಿದ್ದೇಲಿ ಏನೇನೋ ಅಂತವೆ ಅಂತ ನೀವೂ ಹೇಳ್ತೀರಿ, ಹೇಳಿ. ಆ ಹೊತ್ತಲ್ಲಿ ನನ್ನ ನಾದಿನಿಯ ಮುಖ ನೋಡಿದವರು ಯಾರೂ ಹಾಗನ್ನಲ್ಲ. ಅವಳು ಕೈಯನ್ನ ಮಡಿಲಲ್ಲಿ ಇಟ್ಟುಕೊಂಡು ಎದ್ದು ಕೂತಳು. ಮಗು ಇನ್ನೊಂದು ಪಕ್ಕಕ್ಕೆ, ಗೋಡೆ ಕಡೆಗೆ ಹೊರಳಿ, ಸ್ವಲ್ಪ ಸರಿದು ಜಾಗ ಬಿಟ್ಟು ಮಲಗಿತು.